ಪುಗ್ಲಿಯೇಸೆ ಪಾಯಿಂಟ್ ಲೆಕ್ಕ ನಮ್ಮ ತಂಡದಲ್ಲೂ ನಡೆಯಿತು

ದುಡ್ಡಿನ ವಿಷಯಕ್ಕೆ ಒಡೆಯದ ಆರ್ಕೆಸ್ಟ್ರಾ ಕಡಿಮೆ. ಬೆಂಗಳೂರಲ್ಲಿ ಮದುವೆ ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ನುಡಿಸುವಾಗಲೂ ಇದೇ ಗೋಳು, ಬರ್ಲಿನ್‌ನಲ್ಲಿ ಟ್ಯಾಂಗೋ (ಅರ್ಜೆಂಟೀನಾ ಕಡೆಯ ಜೋಡಿ ಕುಣಿತದ ಸಂಗೀತ) ತಂಡ ಕಟ್ಟಿದ ಮೇಲೂ ಇದೇ ಗೋಳು. ಎರಡು ಬ್ಯಾಂಡೋನಿಯನ್ (ಅಕಾರ್ಡಿಯನ್ ಜಾತಿಯ ತಿದಿ ವಾದ್ಯ), ಎರಡು ಪಿಟೀಲು, ಒಂದು ಡಬಲ್ ಬೇಸ್, ಪಿಯಾನೋಗೆ ನಾನು.

ಮೊದಲು ಸಮಪಾಲು ಮಾಡಿದೆವು. ರಾತ್ರಿಯೆಲ್ಲ ಕೂತು ಅರೇಂಜ್‌ಮೆಂಟ್ ಬರೆದವನಿಗೂ, ನೇರ ಸೌಂಡ್‌ಚೆಕ್‌ಗೆ ಬಂದವನಿಗೂ ಒಂದೇ ದುಡ್ಡು. ಬರೆಯೋನು ಬರೆಯೋದನ್ನೇ ಬಿಟ್ಟ. ಆಮೇಲೆ ಲೀಡರ್ ಹೇಳಿದಷ್ಟು ಅಂತ ಮಾಡಿದರೆ ಪಿಟೀಲಿನವರೊಬ್ಬರು ಸೀಸನ್ ಮಧ್ಯೆಯೇ ಕೈಕೊಟ್ಟರು.

ಕೊನೆಗೆ ಪುಗ್ಲಿಯೇಸೆ ದಾರಿ ಹಿಡಿದೆ. ಅರ್ಜೆಂಟೀನಾದ ಟ್ಯಾಂಗೋ ಪಿಯಾನೋ ವಾದಕ ಓಸ್ವಾಲ್ದೊ ಪುಗ್ಲಿಯೇಸೆ 1939ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತಂಡ ಶುರುಮಾಡಿದಾಗಲೇ ಅದನ್ನು ಸಹಕಾರಿ ಮಾಡಿಬಿಟ್ಟಿದ್ದ. ಕೆಲಸಕ್ಕೆ ತಕ್ಕ ಪಾಯಿಂಟ್, ಪಾಯಿಂಟಿಗೆ ತಕ್ಕ ಪಾಲು. 'ಕಮ್ಯುನಿಸ್ಟ್ ಲೆಕ್ಕ, ಆರು ತಿಂಗಳೂ ನಡೆಯಲ್ಲ' ಅಂತ ಇಲ್ಲಿ ನಕ್ಕವರೇ ಜಾಸ್ತಿ. ಆತ ಕಮ್ಯುನಿಸ್ಟೇ, ಅದಕ್ಕೇ ಜೈಲಿಗೂ ಹೋದ. ಆತ ಒಳಗಿದ್ದಾಗ ಪಿಯಾನೋ ಮೇಲೆ ಕೆಂಪು ಕಾರ್ನೇಷನ್ ಹೂ ಇಟ್ಟು ಉಳಿದವರು ಶೋ ನಡೆಸಿದರು. ಸಂಬಳದ ಆಳುಗಳಾಗಿದ್ದರೆ ಅಂದೇ ಬೇರೆ ತಂಡ ಹುಡುಕುತ್ತಿದ್ದರು, ಅಲ್ವಾ?

ನಮ್ಮಲ್ಲಿ ಎಲ್ಲರಿಗೂ ಎಂಟು ಪಾಯಿಂಟ್ ಖಾಯಂ. ಪ್ರಾಕ್ಟೀಸಿಗೆ ತಪ್ಪದೆ ಬಂದರೆ ಒಂದು, ಹೊಸ ಅರೇಂಜ್‌ಮೆಂಟಿಗೆ ಎರಡು. ಮಿಲೋಂಗದಲ್ಲಿ, ಅಂದರೆ ಟ್ಯಾಂಗೋ ಕುಣಿಯೋ ಕೂಟದಲ್ಲಿ, ಒಂದು ರಾತ್ರಿಗೆ ಆರುನೂರು ಯೂರೋ ಆಸುಪಾಸು ಸಿಗುತ್ತದೆ. ರಿಪೇರಿ ನಿಧಿಗೆ ಹತ್ತನೇ ಒಂದು ಭಾಗ ತೆಗೆದರೆ ಪಾಯಿಂಟಿಗೆ ಒಂಬತ್ತು ಯೂರೋ ಚಿಲ್ಲರೆ. ಲೀಡರ್ ಅಂತ ನನಗೆ ಹೆಚ್ಚುವರಿ ಪಾಯಿಂಟ್ ಸೊನ್ನೆ. ಸೋಲೋ ನುಡಿಸೋರಿಗೆ ಹೇಗೆ ಹಂಚುತ್ತೇನೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ, ಜಗಳ ನಿಂತುಹೋಗಿದ್ದೇ ಅದರಿಂದ.

ಬೇಸ್‌ನವನಿಗೆ ಒಂದು ಜಾಸ್ತಿ ಕೊಟ್ಟಿದ್ದಕ್ಕೆ ಮೊದಲು ಗೊಣಗಾಟ ಇತ್ತು. ಆಗ ಪುಗ್ಲಿಯೇಸೆಯ 'ಲಾ ಯುಂಬಾ' ಅನ್ನೋ ಟ್ಯೂನ್ ಎತ್ತಿಕೊಂಡೆವು. 1946ರ ರೆಕಾರ್ಡಿಂಗ್ ನೀವು ಕೇಳಿರುತ್ತೀರಿ. ನಾಲ್ಕೇಟಿನ ತಾಳದಲ್ಲಿ ಒಂದು, ಮೂರನೇ ಏಟಿಗೆ ಎಲ್ಲರೂ ಎಳೆದು ಬೀಳಬೇಕು. ಎರಡು, ನಾಲ್ಕಕ್ಕೆ ಪಿಯಾನೋದ ತೀರಾ ಕೆಳಗಿನ ಸ್ವರ ಗುಡುಗಬೇಕು. ಆ ಎಳೆತ ಏಟಿಗಿಂತ ಒಂಚೂರು ಮುಂಚೆ ಬೇಸ್‌ನ ಕಮಾನಿಂದಲೇ ಹುಟ್ಟುತ್ತದೆ. ಒಂದು ದಿನ ಅವನನ್ನು ಸುಮ್ನೆ ಕೂರಿಸಿ ನುಡಿಸಿದೆವು. ಸ್ಕೂಲ್ ಬ್ಯಾಂಡ್ ಥರ ಕೇಳಿಸಿತು. ಗೊಣಗಾಟ ಅಲ್ಲಿಗೆ ನಿಂತಿತು.

ನಡುವೆ ದುಡ್ಡು ಉಳಿಸೋಣ ಅಂತ ಒಂದು ಬ್ಯಾಂಡೋನಿಯನ್ ಬದಲು ಹಾರ್ಮೋನಿಯಂ ಇಟ್ಟು ನೋಡಿದೆ. ಒಳ್ಳೆ ಹಳೇ ಬ್ಯಾಂಡೋನಿಯನ್‌ಗೆ ಇಲ್ಲಿ ಮೂರ್ನಾಲ್ಕು ಸಾವಿರ ಯೂರೋ ಕೇಳುತ್ತಾರೆ. ಹಾರ್ಮೋನಿಯಂ ಶ್ರುತಿಗೇನೂ ಕೊರತೆ ಇರಲಿಲ್ಲ. ಆದರೆ ಬ್ಯಾಂಡೋನಿಯನ್ ನುಡಿಸೋನು ತಿದಿಯನ್ನು ತೊಡೆ ಮೇಲೆ ಬೀಳಿಸಿ ಏಟು ಕೊಡುತ್ತಾನೆ. ಒಂದು ಕೈಯಲ್ಲಿ ಗಾಳಿ ಹಾಕೋ ಪೆಟ್ಟಿಗೆಗೆ ಆ ಏಟು ಎಲ್ಲಿಂದ ಬರಬೇಕು? ನಿಧಾನದ ವಾಲ್ಟ್ಸ್‌ಗಳಿಗೆ ಮಾತ್ರ ಈಗಲೂ ಇಡುತ್ತೇನೆ, ಜನ ಬಂದು ಇದೇನು ಅಂತ ಕೇಳುತ್ತಾರೆ.

ಈ ಲೆಕ್ಕದಿಂದ ಯಾರೂ ಬಿಟ್ಟುಹೋಗಲ್ಲ ಅಂತಲ್ಲ. 1968ರಲ್ಲಿ ಪುಗ್ಲಿಯೇಸೆ ತಂಡದಿಂದಲೇ ಮುಖ್ಯ ವಾದಕರು ಹೊರಬಂದು ಸೆಕ್ಸ್‌ತೆತೊ ಟ್ಯಾಂಗೋ ಅನ್ನೋ ಆರು ಜನರ ತಂಡ ಕಟ್ಟಿದರು. ಆತ ಹೊಸಬರನ್ನು ಸೇರಿಸಿಕೊಂಡು ಮುಂದುವರಿದ, 1985ರಲ್ಲಿ ಬ್ಯೂನಸ್ ಐರಿಸ್‌ನ ದೊಡ್ಡ ಆಪೆರಾ ಮಂದಿರ ತೆಯಾತ್ರೊ ಕೊಲೊನ್‌ನಲ್ಲೂ ನುಡಿಸಿದ. ನಮ್ಮದು ಈಗ ಮೂರನೇ ಸೀಸನ್. ನಕ್ಕವರಲ್ಲಿ ಇಬ್ಬರು ಲೆಕ್ಕದ ಹಾಳೆ ಕೇಳಿದ್ದಾರೆ. ಸೋಲೋ ಕಾಲಂ ತೆಗೆದು ಕಳಿಸಿದ್ದೇನೆ.