ಕಕ್ಕಡದ ಮಳೆಯಲ್ಲಿ ಒಣ ನಾಡಿನ ಓತಿ

ನಮ್ಮ ಮನೆ ಮಡಿಕೇರಿ ಹತ್ತಿರ. ಮಳೆ ಹಿಡಿದರೆ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಸ್ಟು ಬರುತ್ತದೆ. ಇಂಥ ಜಾಗದಲ್ಲಿ ನಾನು ಬಿಯರ್ಡೆಡ್ ಡ್ರ್ಯಾಗನ್ ಸಾಕಿದ್ದೇನೆ. ಆಸ್ಟ್ರೇಲಿಯಾದ ಒಳನಾಡಿನ ಗಡ್ಡದ ಓತಿ ಅದು. ಕುರುಚಲು ಕಾಡು, ಒಣ ಗಾಳಿ ಅದರ ತವರು. ಅಲ್ಲಿ ಬೇಲಿ ಕಂಬ ಏರಿ ಕೂತು ಬಿಸಿಲು ಕಾಯಿಸುತ್ತದೆ.

ಮೊದಲ ವರ್ಷ ನಾನು ಬರೀ ಬಿಸಿ ನೋಡಿಕೊಂಡೆ, ತೇವದ ಬಗ್ಗೆ ಯೋಚಿಸಲೇ ಇಲ್ಲ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲಿ, ನಮ್ಮ ಓತಿ ಬಾಯಿ ತೆರೆದುಕೊಂಡು ಉಸಿರಾಡತೊಡಗಿದ. ಮೂಗಿನ ತುದಿಯಲ್ಲಿ ಲೋಳೆ ಗುಳ್ಳೆ. ಶ್ವಾಸಕೋಶದ ಸೋಂಕು ಅಂದರು ಡಾಕ್ಟರು. ಬಿಸಿ ಕೊಡುವ ಬಲ್ಬಿನ ಕೆಳಗೆ ಬಾಯಿ ತೆರೆದರೆ ಹೆದರಬೇಕಿಲ್ಲ, ಮೈ ತಣಿಸಿಕೊಳ್ಳುತ್ತಿರುತ್ತದೆ. ತಣ್ಣನೆ ಮೂಲೆಯಲ್ಲೂ ಬಾಯಿ ಮುಚ್ಚದಿದ್ದರೆ ಮಾತ್ರ ತಡಮಾಡಬೇಡಿ.

ಈಗ ಆ ಕೋಣೆಗೆ ತೇವ ಎಳೆಯುವ ಯಂತ್ರ ಹಾಕಿದ್ದೇನೆ. ಗೂಡಿನ ಒಂದು ತುದಿ 40 ಡಿಗ್ರಿ, ಇನ್ನೊಂದು ತುದಿ 26ರ ಆಸುಪಾಸು. ಬೇಕಾದ ಕಡೆ ಅವನೇ ಹೋಗುತ್ತಾನೆ. ತೇವಾಂಶ ಶೇ. 40ರೊಳಗಿದ್ದರೆ ಒಳ್ಳೆಯದು. ಜುಲೈನಲ್ಲಿ 50ಕ್ಕೆ ಇಳಿದರೂ ನನಗೆ ಸಮಾಧಾನ. ಬಿಸಿಲಿನಂತೆ ನೇರಳಾತೀತ ಕಿರಣ ಬೀರುವ ಯುವಿಬಿ ದೀಪವೂ ಬೇಕೇ ಬೇಕು, ಇಲ್ಲದಿದ್ದರೆ ಮೂಳೆ ಮೆತ್ತಗಾಗುತ್ತದೆ. ಕಿಟಕಿ ಗಾಜಿನಿಂದ ಬರುವ ಬೆಳಕು ಅದಕ್ಕೆ ಸಾಲದು.

ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು ಅಲ್ವಾ? ಇಡೀ ದಿನ ಬರದಿದ್ದರೆ ಅವನಿಗೆ ಊಟ ಕೊಡುವುದಿಲ್ಲ. ಮೈ ಬಿಸಿಯಾಗದೆ ತಿಂದದ್ದು ಅರಗುವುದಿಲ್ಲ. ದೊಡ್ಡ ಓತಿ ಒಂದೆರಡು ದಿನ ಹಸಿದಿದ್ದರೆ ಏನೂ ಆಗುವುದಿಲ್ಲ. ಉಳಿದ ದಿನ ಜಾಸ್ತಿ ಸೊಪ್ಪು, ಜೊತೆಗೆ ಸಾಕಿದ ಜೀರುಂಡೆ. ನುಗ್ಗೆ ಸೊಪ್ಪು ಹಿತ್ತಲಲ್ಲೇ ಸಿಗುತ್ತದೆ.

ನನಗೆ ಮಳೆಗಿಂತ ಭಯ ಮಿಂಚುಹುಳುಗಳದ್ದು. ಮೇ ಕೊನೆಗೆ ತೋಟದ ತುಂಬ ಮಿನುಗುತ್ತಾ ಮನೆಯೊಳಗೂ ಬರುತ್ತವೆ. ಹಲವು ಮಿಂಚುಹುಳುಗಳ ಮೈಯಲ್ಲಿ ಹೃದಯಕ್ಕೆ ತಾಗುವ ವಿಷ ಇದೆ. ಒಂದನ್ನು ನುಂಗಿದರೂ ಈ ಓತಿ ಸಾಯಬಹುದು. ಅದರ ತವರಿನ ಹುಳುವಲ್ಲ, ಹಾಗಾಗಿ ವಿಷವೆಂದು ಗೊತ್ತಾಗದೆ ನಾಲಿಗೆ ಚಾಚಿಬಿಡುತ್ತದೆ. ಸಂಜೆಯಾಗುತ್ತಲೇ ಕಿಟಕಿಯ ಸಣ್ಣ ಜಾಲರಿ ಮುಚ್ಚುತ್ತೇನೆ.

ಜನವರಿಯಲ್ಲಿ ಕಾಫಿ ಒಣಗಿಸುವ ಕಣಕ್ಕೆ ಅವನನ್ನೂ ಒಯ್ಯುತ್ತೇನೆ. ಕೊರಳಿಗೆ ಬಿಗಿಯಾಗದ ಹಾಗೆ ಎದೆಗೆ ಪಟ್ಟಿ ಕಟ್ಟಿರುತ್ತೇನೆ. ಮೊದಲು ಮೈ ಅಗಲಿಸಿ, ಬಣ್ಣ ಕಪ್ಪಾಗಿಸಿ ಬಿಸಿಲು ಹೀರುತ್ತಾನೆ. ಸಾಕಷ್ಟು ಕಾದ ಮೇಲೆ ನಿಧಾನಕ್ಕೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತಾನೆ. ನೆತ್ತಿಯ ಮಧ್ಯೆ ಸಾಸಿವೆಯಷ್ಟು ಚುಕ್ಕೆ ಇದೆ. ಬೆಳಕು ನೆರಳು ಗುರುತಿಸುವ ಮೂರನೇ ಕಣ್ಣು ಅದು. ಮೊನ್ನೆ ಗರುಡನೊಂದು ಕಣದ ಮೇಲೆ ಸುತ್ತು ಹಾಕಿತು. ನಾನು ತಲೆ ಎತ್ತುವಷ್ಟರಲ್ಲಿ ಅವನು ಕಾಫಿ ಬೀಜಗಳ ನಡುವೆ ಚಪ್ಪಟೆಯಾಗಿ ಅಂಟಿಕೊಂಡು, ತಲೆ ಓರೆ ಮಾಡಿ ಒಂದೇ ಕಣ್ಣಲ್ಲಿ ಆಕಾಶ ನೋಡುತ್ತಿದ್ದ.