1, 2, 3 ಹಾಕಿ ನೋಡಿದರೆ ಸಾಲದು

ಗಣಿತ ಒಲಿಂಪಿಯಾಡ್‌ಗೆ ತಯಾರಾಗುವ ಮಕ್ಕಳಿಗೆ ಅಸಮತೆ (ಒಂದು ಬದಿ ಇನ್ನೊಂದಕ್ಕಿಂತ ಕಡಿಮೆಯಾಗದು ಎನ್ನುವಂಥ ಹೇಳಿಕೆ) ಕೊಟ್ಟು ‘ಸಾಧಿಸಿ’ ಅನ್ನುವುದಕ್ಕಿಂತ ‘ಇದು ನಿಜವಾ?’ ಎಂದು ಕೇಳುವುದು ನನ್ನ ರೂಢಿ. ಅದಕ್ಕೆ ನಾನು ಇಟ್ಟುಕೊಂಡಿರುವ ಲೆಕ್ಕ ಇದು. ಅ, ಬ, ಕ ಧನ ಸಂಖ್ಯೆಗಳಾದರೆ,

ಅ³ + ಬ³ + ಕ³ + 6ಅಬಕ ≥ (3/2)[ಅಬ(ಅ+ಬ) + ಬಕ(ಬ+ಕ) + ಕಅ(ಕ+ಅ)]

1, 1, 1 ಹಾಕಿದರೆ 9 = 9. 1, 1, 2 ಹಾಕಿದರೆ 22 ≥ 21. ಆಮೇಲೆ ಎಲ್ಲರೂ ಹಾಕುವುದು 1, 2, 3; ಆಗ 72 = 72. ಇಷ್ಟಾದ ಮೇಲೆ ಹೆಚ್ಚಿನವರು ಸಾಧನೆಗೆ ಕೈಹಾಕುತ್ತಾರೆ.

ನನಗೆ ಅನುಮಾನ ಹುಟ್ಟುವುದೇ ಆ 72ರಲ್ಲಿ. ಮೂರೂ ಸಮವಾದಾಗ ಎರಡು ಬದಿ ಸಮವಾಗುವುದು ಮಾಮೂಲು. 1, 2, 3ರಂಥ ಕಡೆ ಸಮವಾದರೆ, ಅಲ್ಲಿಂದ ಸ್ವಲ್ಪ ಸರಿದು ಎರಡೂ ಪಕ್ಕ ನೋಡಬೇಕು. ನಡುವಿನ ಸಂಖ್ಯೆ ತುದಿಗಳೆರಡರ ಸರಾಸರಿಗಿಂತ ಮೇಲಿರುವಂತೆ 1, 3, 4 ಹಾಕಿ: ಎಡಕ್ಕೆ 164, ಬಲಕ್ಕೆ 174. ಮುಗಿಯಿತು, ಅಸಮತೆ ಸುಳ್ಳು. ಇನ್ನೂ ಚಿಕ್ಕದು ಬೇಕೆಂದರೆ 2, 2, 1: 41 < 42. ಉತ್ತರಪತ್ರಿಕೆಯಲ್ಲಿ ಈ ಒಂದು ಸಾಲು ಸಾಕು.

ಯಾಕೆ ಹೀಗೆ ಅಂದರೆ, ಎಡದಿಂದ ಬಲವನ್ನು ಕಳೆದರೆ ಬರುವುದು ½(2ಅ−ಬ−ಕ)(2ಬ−ಕ−ಅ)(2ಕ−ಅ−ಬ). ಮೂರು ಸಂಖ್ಯೆ ಸಮಾಂತರ ಶ್ರೇಢಿಯಲ್ಲಿದ್ದರೆ, ಅಂದರೆ ನಡುವಿನದು ತುದಿಗಳೆರಡರ ಸರಾಸರಿಯಾದರೆ, ಇದು ಸೊನ್ನೆ. ನಡುವಿನದು ತುದಿಗಳೆರಡರ ಸರಾಸರಿಗಿಂತ ದೊಡ್ಡದಾದರೆ ಋಣ, ಚಿಕ್ಕದಾದರೆ ಧನ. ಅಂದರೆ 1, 2, 3 ಅಥವಾ 2, 4, 6 ಹಾಕುತ್ತ ಕೂತವರಿಗೆ ಸುಳ್ಳು ಕಾಣುವುದೇ ಇಲ್ಲ. ಲೆಕ್ಕ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಬಲೆ ಸಿಗಲಿಕ್ಕಿಲ್ಲ!

ಬೇರೆ ಲೆಕ್ಕಗಳಲ್ಲಿ ಮೊದಲು ಘಾತ ನೋಡುತ್ತೇನೆ. ಅ²+ಬ²+ಕ² ≥ ಅ+ಬ+ಕ ಎಂದಿದ್ದರೆ ಎರಡು ಬದಿಯ ಘಾತ ಬೇರೆ ಬೇರೆ (ಎಡಕ್ಕೆ 2, ಬಲಕ್ಕೆ 1); ಸಂಖ್ಯೆಗಳನ್ನು ಚಿಕ್ಕದು ಮಾಡಿದರೆ ಎಡಬದಿ ಬೇಗ ಕುಗ್ಗುತ್ತದೆ. ಮೂರಕ್ಕೂ ½ ಕೊಟ್ಟರೆ ¾ < 3/2. ಅದೂ ಆಗದಿದ್ದರೆ ಒಂದು ಸಂಖ್ಯೆಯನ್ನು ಸೊನ್ನೆಯ ಹತ್ತಿರ ಒಯ್ಯುತ್ತೇನೆ.

ಇವೆಲ್ಲ ಕೈಲೆಕ್ಕಕ್ಕೆ ಸಿಗುವಂಥವು. 1954ರಲ್ಲಿ ಗಣಿತಜ್ಞ ಹೆರಾಲ್ಡ್ ಶಪೀರೊ ಮುಂದಿಟ್ಟ ಅಸಮತೆ ಹಾಗಲ್ಲ. ಧನ ಸಂಖ್ಯೆಗಳನ್ನು ವೃತ್ತದಲ್ಲಿ ಜೋಡಿಸಿ, ಪ್ರತಿಯೊಂದನ್ನೂ ಅದರ ಮುಂದಿನ ಎರಡರ ಮೊತ್ತದಿಂದ ಭಾಗಿಸಿ ಕೂಡಿದರೆ, ಒಟ್ಟು ಎಷ್ಟು ಸಂಖ್ಯೆಗಳಿವೆಯೋ ಅದರ ಅರ್ಧಕ್ಕಿಂತ ಕಡಿಮೆಯಾಗಬಾರದು. ಸಂಖ್ಯೆಗಳ ಎಣಿಕೆ ಸಮವಾಗಿದ್ದರೆ 12ರವರೆಗೆ ಇದು ನಿಜ, 14ಕ್ಕೆ ಸುಳ್ಳು. ಬೆಸದಲ್ಲಂತೂ 23ರವರೆಗೂ ನಿಲ್ಲುತ್ತದೆ, 25ಕ್ಕೆ ಬೀಳುತ್ತದೆ.