ತೊಡೆಮಟ್ಟದ ಕಾಲುವೆಯಲ್ಲಿ 10 ಮೀಟರಿನ ದೋಣಿ: ನನ್ನ ಅನುಭವ

ಕಾಲುವೆಯ ನೀರು ಅರ್ಧಕ್ಕೆ ಇಳಿದರೆ ದೋಣಿಯನ್ನು ದಡಕ್ಕೆ ಕಟ್ಟಿ ನೀರು ಬರುವ ತನಕ ಕಾಯಬೇಕು, ಇಲ್ಲವೇ ಎಂಜಿನ್ನಿನ ಬಲದಿಂದ ಹೂಳನ್ನು ಸೀಳಿಕೊಂಡು ಹೋಗಬೇಕು ಎಂಬುದು ನಮ್ಮ ಕಸುಬಿನವರಲ್ಲಿ ಬಹುಕಾಲದಿಂದ ಬೇರೂರಿರುವ ಮಾತು. ಈ ಎರಡನ್ನೂ ಬಿಟ್ಟು, ಸರಕು ಇಳಿಸದೆ, ಎಂಜಿನ್ನನ್ನು ಗುನುಗುವಷ್ಟಕ್ಕೆ ಇಳಿಸಿ ಹೋಗುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ಈಗ ಅವರಲ್ಲಿ ಕೆಲವರು ನನ್ನ ಹಿಂದೆಯೇ, ನನ್ನದೇ ವೇಗದಲ್ಲಿ ಬರುತ್ತಾರೆ. ಆದ್ದರಿಂದ ಇದನ್ನು ಬರೆಯುವ ಹಕ್ಕು ನನಗೆ ಬಂದಿದೆ ಎಂದುಕೊಳ್ಳುತ್ತೇನೆ.

ನನ್ನದು ಚಪ್ಪಟೆ ತಳದ, ಸುಮಾರು 10 ಮೀಟರ್ ಉದ್ದ, 2 ಮೀಟರ್ ಅಗಲದ ದೋಣಿ. ಸರಕು ತುಂಬಿದಾಗ ಅದರ ಹಿಂಭಾಗ 55 ಸೆಂ.ಮೀ.ನಷ್ಟು, ಮುಂಭಾಗ 40 ಸೆಂ.ಮೀ.ನಷ್ಟು ನೀರಿನೊಳಗೆ ಇರುತ್ತಿತ್ತು. ಕಾಲುವೆ ತುಂಬಿದ್ದಾಗ ಇದು ಲೆಕ್ಕಕ್ಕೇ ಬಾರದ ಸಂಗತಿ. ನೀರು ತಗ್ಗಿ ನಡುಪಾತ್ರದಲ್ಲಿ ಬರೀ 65 ಸೆಂ.ಮೀ. ಉಳಿದಾಗ ಮಾತ್ರ ಪ್ರತಿಯೊಂದು ಸೆಂ.ಮೀ.ಗೂ ಬೆಲೆ ಬರುತ್ತದೆ.

ಮೊದಲು ಹಣ ಹೋದ ದಾರಿಯನ್ನು ಹೇಳುತ್ತೇನೆ. ಹೆಚ್ಚು ಅಶ್ವಶಕ್ತಿಯ ಎಂಜಿನ್ನನ್ನು ಕೂರಿಸಿದಾಗ ಹಿಂಭಾಗದ ಮೇಲೆ ಇನ್ನೂ 60 ಕಿಲೋ ಭಾರ ಬಿತ್ತು, ದೋಣಿ ಮತ್ತಷ್ಟು ಹಿಂದಕ್ಕೆ ಕುಳಿತಿತು, ಪ್ರೊಪೆಲ್ಲರ್ ಹೂಳನ್ನು ಕಡೆಯತೊಡಗಿತು. ಆ ಕೆಸರುನೀರನ್ನೇ ಹೀರಿಕೊಂಡ ಎಂಜಿನ್ ತಂಪಾಗಿಸುವ ಪಂಪಿನ ರಬ್ಬರ್ ಚಕ್ರಗಳು, ಅಂದರೆ ಇಂಪೆಲ್ಲರ್‌ಗಳು ಒಂದರ ಹಿಂದೊಂದು ಸವೆದು ಹೋದವು. ಅವುಗಳಿಗೂ, ಎರಡು ಬಾರಿ ಎಂಜಿನ್ ಬಿಸಿಯಾಗಿ ಕೊಟ್ಟ ಕಾಟಕ್ಕೂ ಸುರಿದ ಹಣ ಹೊಸ ಎಂಜಿನ್ನಿನ ಬೆಲೆಯ ಮೂರನೇ ಒಂದು ಪಾಲಿಗೆ ಬಂದಿರಬೇಕು. ಆಮೇಲೆ ಪ್ರೊಪೆಲ್ಲರ್ ಬದಲು ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿಸಿ ದೋಣಿಯನ್ನು ತಳ್ಳುವ ಜೆಟ್ ವ್ಯವಸ್ಥೆಯನ್ನು ಎರವಲು ತಂದು ನೋಡಿದೆ. ಅದರ ಜಾಲರಿಗೆ ಪಾಚಿ, ಜೊಂಡು, ಪ್ಲಾಸ್ಟಿಕ್ ಚೀಲಗಳು ಮೆತ್ತಿಕೊಂಡು ಗಂಟೆಗೊಮ್ಮೆ ನಿಂತು ಕೈಹಾಕಿ ಕೀಳಬೇಕಾಯಿತು. ಆಳ ತೋರಿಸುವ ಎಕೋ ಸೌಂಡರ್ ಕೂಡ ಕೊಂಡೆ. ದೋಣಿಯ ತಳದಿಂದ ನೆಲಕ್ಕೆ ಒಂದು ಗೇಣೂ ಇಲ್ಲದ ಕಡೆ ಅದು ಹೇಳುವ ಅಂಕಿಗೆ ಅರ್ಥವೇ ಇರುವುದಿಲ್ಲ. ಈಗ ಅದು ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಇಷ್ಟರಲ್ಲಿ ಉಳಿದದ್ದೆಂದರೆ, ಹೊರಗಿನ ನೀರನ್ನು ಎಳೆಯುವುದನ್ನು ಬಿಟ್ಟು, ದೋಣಿಯ ಪಕ್ಕಕ್ಕೆ ತಾಗಿಸಿದ ಪೈಪಿನೊಳಗೆ ಅದದೇ ನೀರನ್ನು ಸುತ್ತಿಸಿ ತಂಪು ಮಾಡುವ ವ್ಯವಸ್ಥೆ. ಅದಕ್ಕೆ ಹಾಕಿದ ಹಣದ ಬಗ್ಗೆ ನನಗೆ ಬೇಸರವಿಲ್ಲ.

ಓಡುವ ದೋಣಿ ನಿಂತ ದೋಣಿಗಿಂತ ಆಳಕ್ಕೆ ಕುಳಿತುಕೊಳ್ಳುತ್ತದೆ ಎಂಬುದು ನಮಗೆಲ್ಲ ಗೊತ್ತಿರುವುದೇ. ಎಷ್ಟು ಕುಳಿತುಕೊಳ್ಳುತ್ತದೆ ಎಂದು ಅಳೆದವರು ಕಡಿಮೆ. ನಾನು ದಡದ ಅಂಚಿನಲ್ಲಿ ಒಂದು ಗೂಟ ನೆಟ್ಟು, ಅದರ ಮೇಲೆ ಸೆಂ.ಮೀ. ಗೆರೆಗಳನ್ನು ಎಳೆದು, ದೋಣಿಯನ್ನು ಬೇರೊಬ್ಬರ ಕೈಗೆ ಕೊಟ್ಟು ಗೂಟದ ಪಕ್ಕದಲ್ಲೇ ಕುಳಿತೆ. ಜೋರಾಗಿ ಬಂದಾಗ ದೋಣಿಯ ಮೂತಿ ಗೂಟವನ್ನು ಮುಟ್ಟುವ ಮುನ್ನವೇ ದಡದ ನೀರು ಹಿಂದಕ್ಕೆ ಸರಿಯತೊಡಗಿತು. ದೋಣಿಯ ನಡು ಎದುರಿಗೆ ಬಂದಾಗ ಗೂಟದ ಬುಡದಲ್ಲಿ ಏಡಿಯ ಬಿಲವೊಂದು ಬಾಯಿ ತೆರೆದು ಕಾಣಿಸಿತು. ಹಿಂಭಾಗ ದಾಟಿದ ಮೇಲೆ ನೀರು ಮಗುಚಿಕೊಂಡು ಬಂದು ಅದನ್ನು ಮುಚ್ಚಿತು. ಗೆರೆಗಳ ಪ್ರಕಾರ ಇಳಿದದ್ದು 9 ಸೆಂ.ಮೀ. ಹತ್ತಿರ. ಅದೇ ದೋಣಿ ಗಂಟೆಗೆ ಎರಡೂವರೆ ಕಿ.ಮೀ. ವೇಗದಲ್ಲಿ ಬಂದಾಗ ಇಳಿತ 3 ಸೆಂ.ಮೀ.ಯನ್ನು ದಾಟಲಿಲ್ಲ. ಇಕ್ಕಟ್ಟಾದ ಪಾತ್ರದಲ್ಲಿ ದೋಣಿಯೇ ಮೂರನೇ ಒಂದು ಭಾಗದಷ್ಟು ಜಾಗವನ್ನು ಅಡ್ಡಗಟ್ಟಿರುವಾಗ, ಉಳಿದ ಸಂದಿಯಲ್ಲಿ ನೀರು ಹಿಂದಕ್ಕೆ ನುಗ್ಗಬೇಕಾಗುತ್ತದೆ, ನುಗ್ಗುವ ನೀರಿನ ಮಟ್ಟ ಇಳಿಯುತ್ತದೆ, ದೋಣಿಯೂ ಅದರ ಜೊತೆಗೇ ಇಳಿಯುತ್ತದೆ. ಇಂಥ ಕಡೆ ಗಂಟೆಗೆ ಸುಮಾರು ಮೂರೂವರೆ ಕಿ.ಮೀ. ದಾಟುವುದೇ ಕಷ್ಟ, ಅಲ್ಲಿಂದ ಮೇಲೆ ಎಷ್ಟು ಡೀಸೆಲ್ ಸುರಿದರೂ ಹಿಂದಿನ ಅಲೆ ದೊಡ್ಡದಾಗುತ್ತದೆಯೇ ಹೊರತು ದಾರಿ ಸಾಗುವುದಿಲ್ಲ.

ಈ 6 ಸೆಂ.ಮೀ. ವ್ಯತ್ಯಾಸವನ್ನು ತೂಕಕ್ಕೆ ತಿರುಗಿಸಿದಾಗಲೇ ನನಗೆ ಧೈರ್ಯ ಬಂದದ್ದು. ನನ್ನ ದೋಣಿ 1 ಸೆಂ.ಮೀ. ಏಳಬೇಕಾದರೆ 170 ಕಿಲೋದಷ್ಟು ಭಾರ ಇಳಿಯಬೇಕು. ಹಾಗಿದ್ದರೆ ಗಂಟೆಗೆ ಒಂದು ಕಿ.ಮೀ.ನಷ್ಟು ವೇಗ ಬಿಟ್ಟುಕೊಡುವುದು ಸುಮಾರು ಒಂದು ಟನ್ ಸರಕು ಇಳಿಸಿದ್ದಕ್ಕೆ ಸಮ. ಆ ಸರಕನ್ನು ಇಳಿಸಲು, ಬೇರೆ ದೋಣಿಗೆ ಹೇರಲು, ಮತ್ತೆ ತುಂಬಲು ಕೂಲಿ ಕೊಡುತ್ತಿದ್ದ ದಿನಗಳ ಲೆಕ್ಕವನ್ನು ನಾನು ಹಾಕಲು ಹೋಗಿಲ್ಲ.

ಇನ್ನೊಂದು ಲಾಭ ಭಾರ ಸರಿಸುವುದರಿಂದ ಬಂತು. ಬ್ಯಾಟರಿ, ಡೀಸೆಲ್ ಕ್ಯಾನು, ಲಂಗರು, ಸರಪಳಿ, ಭಾರದ ಮೂಟೆಗಳು ಎಲ್ಲವನ್ನೂ ಮುಂದಕ್ಕೆ ಸಾಗಿಸಿ, ಹಿಂಭಾಗ ಮುಂಭಾಗ ಎರಡೂ 47 ಅಥವಾ 48 ಸೆಂ.ಮೀ.ಗೆ ಬರುವಂತೆ ಸಮತೂಗಿಸಿದೆ. ಇನ್ನೂ ಮುಂದೆ ಹೋಗಿ ಮೂತಿಯನ್ನೇ ತಗ್ಗಿಸಿ ನೋಡಿದ್ದೂ ಉಂಟು. ಆಗ ಚುಕ್ಕಾಣಿ ಮಾತು ಕೇಳುವುದಿಲ್ಲ, ಮೂತಿ ಸಿಕ್ಕಿದ ದಡಕ್ಕೆಲ್ಲ ಮೂಸಿಕೊಂಡು ಹೋಗುತ್ತದೆ. ಹಿಂಭಾಗ ಒಂದು ಬೆರಳಿನಷ್ಟು ತಗ್ಗಿರಲಿ. ಅದಕ್ಕಿಂತ ಹೆಚ್ಚು ಬೇಡ.

ದಾರಿಯ ವಿಷಯದಲ್ಲಿ ಹೊಸದೇನಿಲ್ಲ. ನೇರ ಪಾತ್ರದಲ್ಲಿ ನಡುವೆ, ತಿರುವಿನಲ್ಲಿ ಹೊರಮಗ್ಗುಲಿಗೆ. ಒಳಮಗ್ಗುಲಲ್ಲಿ ಹೂಳು ಕೂತಿರುತ್ತದೆ. ಸೇತುವೆಯ ಕೆಳಗೆ ಪಾತ್ರ ಕಿರಿದಾಗುವುದರಿಂದ ಅಲ್ಲಿಗೆ ಬರುವ ಮೊದಲೇ ವೇಗ ಇಳಿಸಬೇಕು, ಏಕೆಂದರೆ ದೋಣಿ ಅತಿ ಹೆಚ್ಚು ಕುಳಿತುಕೊಳ್ಳುವ ಜಾಗವೂ ಅದೇ, ಜನ ಕಲ್ಲು ಎಸೆಯುವ ಜಾಗವೂ ಅದೇ. ಕಷ್ಟದ ತಿರುವುಗಳಲ್ಲಿ ಚುಕ್ಕಾಣಿಯನ್ನೂ ಎಂಜಿನ್ ವೇಗ ಏರಿಳಿಸುವ ಥ್ರಾಟಲನ್ನೂ ಜೊತೆಗೂಡಿಸುವ ನನ್ನದೇ ಒಂದು ಕ್ರಮವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ದೋಣಿಗೆ ಬಂದು ಕುಳಿತವರಿಗೆ ಹೇಗೂ ಕಾಣುತ್ತದೆ.

ಲಾಕ್‌ಗಳಿರುವ ಕಾಲುವೆಯಲ್ಲಿ ನೀರನ್ನೇ ಸ್ವಲ್ಪ ಸಂಪಾದಿಸಿಕೊಳ್ಳಬಹುದು. ಲಾಕ್ ಎಂದರೆ ಎರಡು ಕದಗಳ ನಡುವೆ ನೀರು ತುಂಬಿಸಿ ಇಲ್ಲವೇ ಖಾಲಿ ಮಾಡಿ ದೋಣಿಯನ್ನು ಏರಿಸುವ, ಇಳಿಸುವ ತೊಟ್ಟಿ. 20 ಮೀಟರ್ ಉದ್ದ, 4 ಮೀಟರ್ ಅಗಲದ ಲಾಕಿನಲ್ಲಿ ಮಟ್ಟ 2 ಮೀಟರ್ ಇಳಿದರೆ 160 ಘನ ಮೀಟರ್ ನೀರು ಕೆಳಗಿನ ಹರವಿಗೆ, ಅಂದರೆ ಮುಂದಿನ ಲಾಕಿನ ತನಕದ ಕಾಲುವೆಯ ತುಂಡಿಗೆ, ಹೋಗುತ್ತದೆ. ಆ ಹರವು ಒಂದು ಕಿ.ಮೀ. ಉದ್ದ, 6 ಮೀಟರ್ ಅಗಲವಿದ್ದರೆ ಮಟ್ಟ ಎರಡೂವರೆ ಸೆಂ.ಮೀ.ಗಿಂತ ತುಸು ಹೆಚ್ಚು ಏರುತ್ತದೆ. ಆದ್ದರಿಂದ ಕೆಳಕ್ಕೆ ಹೋಗುವಾಗ ನಾನು ಎಂದೂ ಮೊದಲಿಗನಾಗುವುದಿಲ್ಲ. ನನಗಿಂತ ಮುಂಚೆ ಒಬ್ಬಿಬ್ಬರು ಇಳಿಯಲಿ ಎಂದು ಬಿಟ್ಟು, ಅವರ ಬೆನ್ನಿಗೆ ಬಂದ ನೀರು ಹರಡಿಕೊಂಡ ಮೇಲೆ ಹೊರಡುತ್ತೇನೆ. ಮೇಲಕ್ಕೆ ಹತ್ತುವಾಗ ಇದು ತಿರುಗುಮುರುಗು, ಏಕೆಂದರೆ ಲಾಕ್ ತುಂಬಲು ಬೇಕಾದ ನೀರು ನಾವು ಇನ್ನು ಹೋಗಬೇಕಾದ ಹರವಿನಿಂದಲೇ ಬರುತ್ತದೆ. ಲಾಕ್ ನೋಡಿಕೊಳ್ಳುವವರನ್ನು ಕೇಳದೆ ತೂಬು ಎತ್ತುವವರನ್ನು ಕಂಡರೆ ನನಗೆ ಆಗದು. ಮೇಲಿನ ಹರವಿನ ದಡಕ್ಕೆ ಕಟ್ಟಿದ ದೋಣಿಗಳು ಅವರಿಂದಾಗಿ ಕೆಸರಿನಲ್ಲಿ ವಾಲಿ ನಿಂತದ್ದನ್ನು ನೋಡಿದ್ದೇನೆ.

ಎಕೋ ಸೌಂಡರ್ ಕೈಕೊಟ್ಟ ಸಿಟ್ಟಿನಲ್ಲಿ ಮಾಡಿದ ಒಂದು ಅಡ್ಡಪ್ರಯೋಗವನ್ನೂ ಹೇಳಬೇಕು. 1834ರಲ್ಲಿ ಜಾನ್ ಸ್ಕಾಟ್ ರಸೆಲ್ ಎಂಬ ಎಂಜಿನಿಯರ್ ಎಡಿನ್‌ಬರೋ ಸಮೀಪದ ಯೂನಿಯನ್ ಕಾಲುವೆಯಲ್ಲಿ, ಕುದುರೆಗಳು ಎಳೆಯುತ್ತಿದ್ದ ದೋಣಿ ಥಟ್ಟನೆ ನಿಂತಾಗ ಅದರ ಮೂತಿಯಿಂದ ಬಿಡಿಸಿಕೊಂಡು ಮುಂದೆ ಸಾಗಿದ ಒಂಟಿ ಅಲೆಯೊಂದನ್ನು ಕುದುರೆಯ ಮೇಲೆ ಒಂದೆರಡು ಮೈಲಿ ಹಿಂಬಾಲಿಸಿದ್ದ. ಅಂಥ ಅಲೆಯ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ನೀರಿನ ಆಳ. ನಾನೂ ಜೋರಾಗಿ ಬಂದು ಎಂಜಿನ್ನನ್ನು ಹಿಂದಕ್ಕೆ ಹಾಕಿ ನಿಲ್ಲಿಸಿದೆ. ನನ್ನದು ರಸೆಲ್ ಕಂಡಂಥ ಅಂದದ ಅಲೆಯೇನಲ್ಲ, ಅಂಗೈ ಎತ್ತರದ ಉಬ್ಬು, ಆದರೆ ಮುಂದಕ್ಕೆ ಹೋಯಿತು. ದಡದಲ್ಲಿ 100 ಮೀಟರ್ ಅಂತರದಲ್ಲಿ ನೆಟ್ಟ ಎರಡು ಕೋಲುಗಳ ನಡುವೆ ಅದು 40 ಸೆಕೆಂಡ್ ತೆಗೆದುಕೊಂಡರೆ ಅಲ್ಲಿನ ಸರಾಸರಿ ಆಳ 64 ಸೆಂ.ಮೀ. ಆಸುಪಾಸು; 45 ಸೆಕೆಂಡ್ ಆದರೆ 50 ಸೆಂ.ಮೀ.; ಆ ದಿನ ಹೊರಡುವುದು ಬೇಡ. ಜಲ್ಲೆ ಇಳಿಸಿ ತಾಳೆ ನೋಡಿದಾಗ ಮೂರು ನಾಲ್ಕು ಸೆಂ.ಮೀ. ಒಳಗೇ ಹೊಂದಿಕೆಯಾಯಿತು. ಆದರೆ ಸರಾಸರಿ ಆಳಕ್ಕೆ ಒಂಟಿ ಕಲ್ಲಿನ ಸುದ್ದಿ ಗೊತ್ತಿರುವುದಿಲ್ಲ ಎಂಬುದನ್ನು ಮರೆಯಬಾರದು.

ಇಷ್ಟಾದರೂ ತಳ ತಾಗುವುದುಂಟು. ತಾಗಿದ ಕ್ಷಣವೇ ಥ್ರಾಟಲ್ ಬಿಟ್ಟುಬಿಡುತ್ತೇನೆ. ಹಿಂದೆ ಬಂದ ಅಲೆ ದೋಣಿಯ ಅಡಿಗೆ ಬಂದು ಅರೆಕ್ಷಣ ಎತ್ತುತ್ತದೆ, ಆಗಲೇ ಜಲ್ಲೆಯಿಂದ ಮೂತಿಯನ್ನು ನಡುಪಾತ್ರಕ್ಕೆ ನೂಕಿದರೆ ಬಹುತೇಕ ಬಿಡಿಸಿಕೊಳ್ಳುತ್ತದೆ. ಬಿಡದಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ, ಅದೂ ಸಣ್ಣ ಥ್ರಾಟಲ್‌ನಲ್ಲಿ. ಜೋರಾಗಿ ಹಿಂದಕ್ಕೆ ಹಾಕಿದರೆ ಪ್ರೊಪೆಲ್ಲರ್ ಕಡೆದ ಕೆಸರು ದೋಣಿಯ ಅಡಿಗೇ ಬಂದು ಗುಡ್ಡೆಯಾಗುತ್ತದೆ. ಜನರೆಲ್ಲ ತಾಗಿದ ಮಗ್ಗುಲಿನಿಂದ ಆಚೆ ಮಗ್ಗುಲಿಗೆ ಸರಿದರೂ ಒಂದೆರಡು ಸೆಂ.ಮೀ. ಸಿಗುತ್ತದೆ.

ಎದುರಿನಿಂದ ತುಂಬಿದ ದೋಣಿ ಬರುವುದೊಂದೇ ನನಗಿನ್ನೂ ಪೂರ್ತಿ ಬಗೆಹರಿಯದ ಸಮಸ್ಯೆ. ಕೊನೆಯ ತನಕ ಇಬ್ಬರೂ ನಡುವಿನಲ್ಲೇ ಬಂದು, ಮೂತಿಗೆ ಮೂತಿ ಹತ್ತಿರವಾದಾಗ ತುಸುವೇ ಸರಿದು, ಹಿಂಭಾಗಗಳು ಒಂದನ್ನೊಂದು ಸೆಳೆದುಕೊಳ್ಳುವ ಮುನ್ನ ಮತ್ತೆ ನಡುವಿಗೆ ಬರಬೇಕು. ಎದುರಿನವರು ಹೆದರಿ ಬೇಗನೆ ದಡಕ್ಕೆ ಸರಿದರೆ ಅವರು ಕೆಸರಿನಲ್ಲಿ ಕೂರುತ್ತಾರೆ, ಅವರನ್ನು ಎಳೆದು ತೆಗೆಯುವ ಹಗ್ಗವೂ ಡೀಸೆಲ್ಲೂ ನನ್ನದೇ ಆಗಿರುತ್ತದೆ. ಆದ್ದರಿಂದ ಈಗ ದೂರದಲ್ಲಿ ದೋಣಿ ಕಂಡರೆ, ಆಳವಿರುವ ಜಾಗ ನೋಡಿ ನಾನೇ ನಿಂತು, ಅವರನ್ನು ಮೊದಲು ಬಿಡುತ್ತೇನೆ.